ಆರ್ಕೆಸ್ಟ್ರಾದಲ್ಲಿ ಸೀಟು ಸಿಗ್ಲಿಲ್ಲ, ಆರ್ಕೆಸ್ಟ್ರಾ ಆಫೀಸಿಗೆ ಅರ್ಜಿ ಹಾಕ್ಲಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಮೈಸೂರಿನವನು. ಅಪ್ಪ ಪೊಲೀಸ್ ಬ್ಯಾಂಡಲ್ಲಿ ಯೂಫೋನಿಯಂ ನುಡಿಸ್ತಿದ್ರು, ಅವರಿಂದಾನೇ ನನಗೆ ಟ್ರಂಬೋನ್ ಹುಚ್ಚು ಹತ್ತಿದ್ದು. ಈಗ ಮ್ಯಾಂಚೆಸ್ಟರಲ್ಲಿ ಮಾಸ್ಟರ್ಸ್ ಮುಗಿಸ್ತಾ ಇದೀನಿ. ಇಲ್ಲಿನ ಸಿಂಫನಿ ಆರ್ಕೆಸ್ಟ್ರಾಗೆ (ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ವಾದ್ಯವೃಂದ) ಆಡಿಷನ್ ಕೊಟ್ಟೆ, ಸೀಟು, ಅಂದ್ರೆ ಕಾಯಂ ಜಾಗ ಸಿಗ್ಲಿಲ್ಲ. ಆಗೊಮ್ಮೆ ಈಗೊಮ್ಮೆ ಫ್ರೀಲ್ಯಾನ್ಸ್ ಕೆಲಸಕ್ಕೆ ಕರೀಬಹುದು ಅಂತ ಟೀಚರ್ ಹೇಳ್ತಿದಾರೆ. ಇದರ ಮಧ್ಯೆ ಒಂದು ಆರ್ಕೆಸ್ಟ್ರಾ ಆಫೀಸಲ್ಲಿ ವಾರಕ್ಕೆ ಮೂರು ದಿನದ ಅಸಿಸ್ಟೆಂಟ್ ಕೆಲಸ ಖಾಲಿ ಇದೆ. ಅರ್ಜಿ ಹಾಕ್ಲಾ? ಹಾಕಿದ್ರೆ 'ಇವನು ನುಡಿಸೋದು ಬಿಟ್ಟ' ಅಂದ್ಕೊಂಡು ಫೋನ್ ಬರೋದೇ ನಿಂತುಹೋಗತ್ತಾ? ಅಪ್ಪ ಅಂತೂ ಎರಡು ದೋಣಿ ಮೇಲೆ ಕಾಲಿಡಬೇಡ ಅಂತಿದಾರೆ. ವೀಸಾ ಚಿಂತೆ ಬೇರೆ.

ಉತ್ತರ: ಅರ್ಜಿ ಹಾಕಿ. ಯಾಕೆ ಅಂತ ಆಮೇಲೆ ನೋಡೋಣ, ಇಂಥ ಪೋಸ್ಟ್‌ಗಳಿಗೆ ಕೊನೇ ದಿನಾಂಕ ಬೇಗ ಬರತ್ತೆ, ನನ್ನ ಉತ್ತರ ಪೂರ್ತಿ ಓದಿ ಯೋಚನೆ ಮಾಡ್ಕೊಂಡು ಕೂತ್ರೆ ಅದು ಕೈ ತಪ್ಪಿಹೋಗತ್ತೆ.

ನಾನು ಮೊದಲು ಹಾರ್ನ್ ನುಡಿಸ್ತಿದ್ದೋಳು, ಆಮೇಲೆ ವರ್ಷಗಟ್ಟಲೆ ಆರ್ಕೆಸ್ಟ್ರಾಗಳಿಗೆ ಪ್ಲೇಯರ್‌ಗಳನ್ನ ಬುಕ್ ಮಾಡೋ ಸೀಟಲ್ಲಿ ಕೂತಿದೀನಿ, ಹಾಗಾಗಿ ಫೋನ್ ಆ ಕಡೆ ಈ ಕಡೆ ಎರಡೂ ಗೊತ್ತು. ಈ ಪ್ರಶ್ನೆ ಕೇಳೋ ಹುಡುಗರೆಲ್ಲರ ತಲೇಲೂ ಒಂದೇ ನಂಬಿಕೆ ಇರತ್ತೆ, ಸೀಟು ಸಿಕ್ಕಿದೋರು ಪ್ಲೇಯರ್, ಸಿಗದೇ ಇದ್ದೋರು ಆಫೀಸು ಸೇರ್ತಾರೆ ಅಂತ. ಇದು ನಿಜ ಅಲ್ಲ, ಅದರಲ್ಲೂ ಬ್ರಾಸ್, ಅಂದ್ರೆ ಟ್ರಂಪೆಟ್, ಹಾರ್ನ್, ಟ್ರಂಬೋನ್, ಟ್ಯೂಬಾ, ಯೂಫೋನಿಯಂ ಥರದ ಊದೋ ಹಿತ್ತಾಳೆ ವಾದ್ಯಗಳ ವಿಷಯದಲ್ಲಂತೂ ಅಲ್ವೇ ಅಲ್ಲ.

ಲಂಡನ್ ಸಿಂಫನಿ ಆರ್ಕೆಸ್ಟ್ರಾ ಹೇಗೆ ಹುಟ್ಟಿತು ಅಂತ ಕಾಲೇಜಲ್ಲಿ ಹೇಳಿರ್ತಾರೆ, ಆದ್ರೂ ಈ ಕಣ್ಣಿಂದ ಇನ್ನೊಂದ್ಸಲ ನೋಡಿ. ಆಗ ಲಂಡನ್ನಲ್ಲಿ ಡೆಪ್ಯುಟಿ ಪದ್ಧತಿ ಇತ್ತು, ಅಂದ್ರೆ ಕೆಲಸ ಒಪ್ಕೊಂಡವನು ಒಬ್ಬ, ರಿಹರ್ಸಲ್‌ಗೆ ಬರೋನು ಇನ್ನೊಬ್ಬ, ಕಾನ್ಸರ್ಟಿಗೆ ಕೂರೋನು ಮತ್ತೊಬ್ಬ, ಬೇರೆ ಕಡೆ ನಾಲ್ಕು ಕಾಸು ಜಾಸ್ತಿ ಸಿಕ್ತು ಅಂದ್ರೆ ಬದಲಿಗೆ ಒಬ್ಬನ್ನ ಕಳ್ಸಿ ಅಲ್ಲಿಗೆ ಹೋಗಿಬಿಡೋದು. ಕ್ವೀನ್ಸ್ ಹಾಲ್ ಆರ್ಕೆಸ್ಟ್ರಾ ನಡೆಸ್ತಿದ್ದ ಹೆನ್ರಿ ವುಡ್‌ಗೆ ಇದು ಸಾಕಾಗಿ 1904ರಲ್ಲಿ ಇನ್ಮೇಲೆ ಬದಲಿ ಕಳ್ಸೋ ಹಾಗಿಲ್ಲ ಅಂತ ಕಟ್ಟಪ್ಪಣೆ ಆಯ್ತು. ಪ್ಲೇಯರ್‌ಗಳಿಗೆ ಸಿಟ್ಟು ಬಂತು, ಯಾಕಂದ್ರೆ ವರ್ಷಪೂರ್ತಿ ಕೆಲಸ ಕೊಡದೇ ಇರೋರು ವರ್ಷಪೂರ್ತಿ ನಿಷ್ಠೆ ಕೇಳ್ತಿದಾರೆ ಅನ್ನಿಸ್ತು. ಉತ್ತರ ಇಂಗ್ಲೆಂಡಿಗೆ ಹೋಗೋ ರೈಲಲ್ಲಿ ನಾಲ್ಕು ಜನ ಕೂತು ನಾವೇ ಯಾಕೆ ಒಂದು ಆರ್ಕೆಸ್ಟ್ರಾ ಮಾಡ್ಬಾರ್ದು ಅಂತ ಮಾತಾಡ್ಕೊಂಡ್ರು. ಆ ನಾಲ್ಕು ಜನ ಯಾರು ಅಂದ್ರೆ ಅಡಾಲ್ಫ್ ಬೋರ್ಸ್‌ಡಾರ್ಫ್, ಥಾಮಸ್ ಬಸ್ಬಿ, ಹೆನ್ರಿ ವಾನ್ ಡರ್ ಮೀರ್ಶನ್, ಈ ಮೂವರೂ ಹಾರ್ನ್, ಇನ್ನೊಬ್ಬ ಜಾನ್ ಸಾಲಮನ್, ಟ್ರಂಪೆಟ್. ನಾಲ್ಕೂ ಬ್ರಾಸೇ! 1904ರ ಜೂನ್ 9ಕ್ಕೆ ಕಂಡಕ್ಟರ್, ಅಂದ್ರೆ ಮುಂದೆ ನಿಂತು ಆರ್ಕೆಸ್ಟ್ರಾ ನಡೆಸೋ ಹ್ಯಾನ್ಸ್ ರಿಕ್ಟರ್ ಕೈಯಲ್ಲಿ ಮೊದಲ ಕಾನ್ಸರ್ಟ್ ಆಗೇಹೋಯ್ತು, ಹಾರ್ನ್ ಪ್ಲೇಯರ್ ಬಸ್ಬಿ ಆಡಳಿತ ನೋಡ್ಕೊಂಡ. ಪ್ಲೇಯರ್‌ಗಳೇ ಮಾಲೀಕರು, ಪ್ಲೇಯರ್‌ಗಳೇ ಬೋರ್ಡು, ಲಾಭ ನಷ್ಟ ಎಲ್ಲ ಅವರದ್ದೇ. ತಮಾಷೆ ಏನಂದ್ರೆ ಅವರು ಉಳಿಸ್ಕೊಂಡ ಆ ಡೆಪ್ಯುಟಿ ಪದ್ಧತಿಯೇ 1920ರ ದಶಕದಲ್ಲಿ ಆ ಆರ್ಕೆಸ್ಟ್ರಾಗೆ ತಲೆನೋವಾಯ್ತು, ಆಮೇಲೆ 1930ರಲ್ಲಿ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ಸಂಬಳ ಕೊಟ್ಟು ಪ್ಲೇಯರ್‌ಗಳನ್ನ ಇಟ್ಕೊಂಡಾಗ ಎಲ್ಲರೂ ಎಚ್ಚೆತ್ಕೊಂಡ್ರು.

ಬ್ರಾಸ್‌ನೋರೇ ಯಾಕೆ ಆಡಳಿತಕ್ಕೆ ಬರ್ತಾರೆ ಅಂದ್ರೆ ಅವರಿಗೆ ರೆಸ್ಟ್ ಬಾರ್‌ಗಳು, ಅಂದ್ರೆ ನುಡಿಸದೇ ತಾಳ ಎಣಿಸ್ತಾ ಕೂರೋ ಜಾಗಗಳು ಜಾಸ್ತಿ, ಯೋಚನೆ ಮಾಡೋಕೆ ಟೈಮ್ ಸಿಗತ್ತೆ ಅಂತ ಒಂದು ಜೋಕಿದೆ. ನಿಮಗೆ ಬಿಡಿಸಿ ಹೇಳ್ಬೇಕಾಗಿಲ್ಲ, ಬ್ರಾಮ್ಸ್‌ನ ಮೊದಲ ಸಿಂಫನಿಯಲ್ಲಿ ಕೊನೇ ಭಾಗ (ಮೂವ್‌ಮೆಂಟ್) ಬರೋವರ್ಗೂ ಟ್ರಂಬೋನ್‌ನೋರು ಕೈಕಟ್ಟಿ ಕೂತಿರ್ತೀರ, ಡ್ವೊರ್ಝಾಕ್‌ನ ಒಂಬತ್ತನೇ ಸಿಂಫನಿಯಲ್ಲಿ ಟ್ಯೂಬಾಗೆ ಇರೋದು ಎರಡನೇ ಮೂವ್‌ಮೆಂಟಿನ ಕೆಲವೇ ಸ್ವರ. ಜೋಕು ಪಕ್ಕಕ್ಕಿಟ್ಟು ನೋಡಿದ್ರೂ ಪಟ್ಟಿ ದೊಡ್ಡದಿದೆ. ಹಾರ್ನ್‌ನ ಬ್ಯಾರಿ ಟಕ್‌ವೆಲ್ 1955ರಿಂದ 1968ರವರೆಗೆ ಅದೇ ಲಂಡನ್ ಸಿಂಫನಿ ಆರ್ಕೆಸ್ಟ್ರಾದಲ್ಲಿ (ಎಲ್‌ಎಸ್‌ಒ) ಪ್ರಿನ್ಸಿಪಲ್ ಹಾರ್ನ್, ಅಂದ್ರೆ ಹಾರ್ನ್ ವಿಭಾಗದ ಮುಖ್ಯಸ್ಥ, ಅದರಲ್ಲಿ ಕೆಲವು ವರ್ಷ ಬೋರ್ಡಿನ ಚೇರ್ಮನ್ ಕೂಡ, ಆಮೇಲೆ ಅಮೆರಿಕದ ಮೇರಿಲ್ಯಾಂಡಲ್ಲಿ ಒಂದು ಆರ್ಕೆಸ್ಟ್ರಾನೇ ಕಟ್ಟಿದ್ರು. ಟ್ರಂಪೆಟ್‌ನ ಫಿಲಿಪ್ ಜೋನ್ಸ್ ಕಥೆ ನನಗಿನ್ನೂ ಇಷ್ಟ, ಲಂಡನ್ನಿನ ಎಷ್ಟೋ ಆರ್ಕೆಸ್ಟ್ರಾಗಳಲ್ಲಿ ಪ್ರಿನ್ಸಿಪಲ್ ಆಗಿದ್ದ ಮನುಷ್ಯ, 1951ರಲ್ಲಿ ಬರೀ ಬ್ರಾಸ್ ಇಟ್ಕೊಂಡು ಒಂದು ತಂಡ ಶುರು ಮಾಡಿ 1986ರವರೆಗೆ ನಡೆಸಿದ್ರು. ಆ ಕಾಲದಲ್ಲಿ ಬ್ರಾಸ್ ಚೇಂಬರ್ ಮ್ಯೂಸಿಕ್ (ಚಿಕ್ಕ ತಂಡದ ಸಂಗೀತ) ಅಂತ ದುಡ್ಡು ಕೊಟ್ಟು ಕೇಳೋರೇ ಕಮ್ಮಿ, ಸಂಗೀತ ಬರೆಸೋದು, ಹಾಲ್ ಹಿಡಿಯೋದು, ರೆಕಾರ್ಡಿಂಗ್ ಕಂಪನಿಯನ್ನ ಒಪ್ಪಿಸೋದು ಎಲ್ಲ ಮಾಡ್ಬೇಕಿತ್ತು. ಕೊನೆಗೆ ಅವರು ಟ್ರಿನಿಟಿ ಕಾಲೇಜ್ ಆಫ್ ಮ್ಯೂಸಿಕ್‌ನ ಪ್ರಿನ್ಸಿಪಲ್ ಆದ್ರು. ಅವರನ್ನ ಯಾರಾದ್ರೂ ನುಡಿಸೋದು ಬಿಟ್ಟೋನು ಅಂದಿದ್ದು ಕೇಳಿದೀರಾ?

ಬ್ರಾಸ್ ಅಲ್ಲದಿದ್ರೂ ಇನ್ನೊಬ್ಬರ ಹೆಸರು ಹೇಳ್ಲೇಬೇಕು, ಕ್ಲೈವ್ ಗಿಲಿನ್ಸನ್. 1946ರಲ್ಲಿ ನಮ್ಮ ಬೆಂಗಳೂರಲ್ಲಿ ಹುಟ್ಟಿದೋರು. 1970ರಲ್ಲಿ ಎಲ್‌ಎಸ್‌ಒಗೆ ಚೆಲೊ ಪ್ಲೇಯರ್ ಆಗಿ ಸೇರಿದ್ರು, 1984ರಲ್ಲಿ ಆರ್ಕೆಸ್ಟ್ರಾ ದುಡ್ಡಿನ ಕಷ್ಟದಲ್ಲಿ ಮುಳುಗಿದ್ದಾಗ ಜೊತೆಯೋರೇ ಇವರನ್ನ ಮ್ಯಾನೇಜಿಂಗ್ ಡೈರೆಕ್ಟರ್ ಕುರ್ಚಿಗೆ ಕೂರ್ಸಿದ್ರು, ಎರಡು ದಶಕ ನಡೆಸಿ 2005ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ಗೆ ಹೋದ್ರು.

ಈಗ ಸೀಟಿನ ಲೆಕ್ಕ. ಪಿಟೀಲಿನೋರಿಗೆ ಒಂದು ಆರ್ಕೆಸ್ಟ್ರಾದಲ್ಲಿ ಸುಮಾರು ಮೂವತ್ತು ಸೀಟು, ನಿಮಗೆ ಮೂರು, ಅದರಲ್ಲಿ ಬಾಸ್ ಟ್ರಂಬೋನ್ ಬೇರೆಯದೇ ಕಸುಬು ಅಂತ ತೆಗೆದ್ರೆ ಎರಡು. ಒಂದ್ಸಲ ಒಬ್ಬರು ಕೂತ್ರೆ ಏಳೋದು ಯಾವಾಗ? ಬ್ರಾಸ್ ಬ್ಯಾಂಡಿಂದ ಬಂದ ಮಾರಿಸ್ ಮರ್ಫಿ 1977ರಲ್ಲಿ ಎಲ್‌ಎಸ್‌ಒ ಪ್ರಿನ್ಸಿಪಲ್ ಟ್ರಂಪೆಟ್ ಸೀಟಲ್ಲಿ ಕೂತ್ರು, 2007ರವರೆಗೆ ಅಲ್ಲೇ ಇದ್ರು. ಆ ಮೂವತ್ತು ವರ್ಷದಲ್ಲಿ ಎಷ್ಟು ಜನ ಅದ್ಭುತ ಟ್ರಂಪೆಟ್‌ನೋರು ಕಾಲೇಜಿಂದ ಹೊರಗೆ ಬಂದಿರ್ಬೇಕು ಯೋಚನೆ ಮಾಡಿ, ಅವರಲ್ಲಿ ಬಹಳಷ್ಟು ಜನ ಕೆಟ್ಟ ಪ್ಲೇಯರ್‌ಗಳೇನಲ್ಲ, ಸೀಟು ಖಾಲಿ ಇರ್ಲಿಲ್ಲ ಅಷ್ಟೆ. ಖಾಲಿ ಆದ್ರೂ ಆಡಿಷನ್ ಮುಗಿದ ತಕ್ಷಣ ಕೆಲಸ ಕೊಡೋ ಪದ್ಧತಿ ಇಲ್ಲಿ ಇಲ್ಲ, ಟ್ರಯಲ್ ಅಂತ ಹಲವರನ್ನ ಸರದಿ ಮೇಲೆ ಕರೆದು ನುಡಿಸ್ತಾರೆ, ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷ ದಾಟಿ. ಆ ಟ್ರಯಲ್ ಅವಧೀಲಿ ನೀವು ಫ್ರೀಲ್ಯಾನ್ಸೇ. ಅದಿರ್ಲಿ, ಲಂಡನ್ನಿನ ದೊಡ್ಡ ನಾಲ್ಕು, ಅಂದ್ರೆ ಎಲ್‌ಎಸ್‌ಒ, ಲಂಡನ್ ಫಿಲ್‌ಹಾರ್ಮೋನಿಕ್, ಫಿಲ್‌ಹಾರ್ಮೋನಿಯಾ, ರಾಯಲ್ ಫಿಲ್‌ಹಾರ್ಮೋನಿಕ್, ಇವುಗಳಲ್ಲಿ ಮೆಂಬರ್ ಆದೋರೂ ಕಾಗದದ ಮೇಲೆ ಸೆಲ್ಫ್ ಎಂಪ್ಲಾಯ್ಡೇ, ತಿಂಗಳ ಸಂಬಳ ಇಲ್ಲ, ನುಡಿಸಿದಷ್ಟಕ್ಕೆ ದುಡ್ಡು. ಸಂಬಳದ ಕೆಲಸ ಇರೋದು ಬಿಬಿಸಿ ಆರ್ಕೆಸ್ಟ್ರಾಗಳಲ್ಲಿ, ನಿಮ್ಮ ಮ್ಯಾಂಚೆಸ್ಟರಿನ ಹ್ಯಾಲೆ ಆರ್ಕೆಸ್ಟ್ರಾದಲ್ಲಿ, ಬರ್ಮಿಂಗ್‌ಹ್ಯಾಮ್, ಲಿವರ್‌ಪೂಲ್, ಬೋರ್ನ್‌ಮತ್ ಕಡೆ. ಹಾಗಾಗಿ ಫ್ರೀಲ್ಯಾನ್ಸ್ ಅಂದ್ರೆ ಸೀಟು ಸಿಗೋವರ್ಗೂ ಕಾಯೋ ಜಾಗ ಅಂತ ಅಂದ್ಕೋಬೇಡಿ, ಇಲ್ಲಿಯ ಆರ್ಕೆಸ್ಟ್ರಾ ಬದುಕಿನ ಅರ್ಧಭಾಗ ಅದರ ಮೇಲೇ ನಿಂತಿದೆ. ಡೆರೆಕ್ ವಾಟ್ಕಿನ್ಸ್ ಅಂತ ಒಬ್ಬ ಟ್ರಂಪೆಟ್ ಪ್ಲೇಯರ್ ಇದ್ರು, ಮೊದಲ ಜೇಮ್ಸ್ ಬಾಂಡ್ ಸಿನಿಮಾದಿಂದ ಹಿಡಿದು 2012ರ ಬಾಂಡ್ ಸಿನಿಮಾವರೆಗೆ ಎಲ್ಲದರ ಸಂಗೀತದಲ್ಲೂ ನುಡಿಸಿದೋರು, ಸ್ಟುಡಿಯೋದಿಂದ ಸ್ಟುಡಿಯೋಗೆ ಓಡಾಡಿದ ಫ್ರೀಲ್ಯಾನ್ಸರ್.

ಫೋನ್ ಹೇಗೆ ಬರತ್ತೆ ಅನ್ನೋದು ನಿಮ್ಮ ಪ್ರಶ್ನೆಯ ಹೊಟ್ಟೆಯೊಳಗಿರೋ ವಿಷಯ, ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಒಂದು ಆರ್ಕೆಸ್ಟ್ರಾದ ಎರಡನೇ ಟ್ರಂಬೋನ್‌ಗೆ ಜ್ವರ ಅಂದ್ಕೊಳಿ, ಬೆಳಗ್ಗೆ ಎಂಟಕ್ಕೆ ಪರ್ಸೊನೆಲ್ ಮ್ಯಾನೇಜರ್‌ಗೆ ಮೆಸೇಜ್ ಬರತ್ತೆ, ಹತ್ತಕ್ಕೆ ರಿಹರ್ಸಲ್. ಆ ಮ್ಯಾನೇಜರ್ ಹತ್ರ ಒಂದು ಲಿಸ್ಟ್ ಇರತ್ತೆ, ಅದನ್ನ ಮಾಡಿರೋದು ಪ್ರಿನ್ಸಿಪಲ್ ಟ್ರಂಬೋನ್ ಮಾತು ಕೇಳ್ಕೊಂಡು. ಮೇಲಿಂದ ಫೋನ್ ಮಾಡ್ಕೊಂಡು ಬರ್ತಾರೆ, ಯಾರು ಎತ್ತಿ ಹೂಂ ಅಂತಾರೋ ಅವರಿಗೆ ಕೆಲಸ. ಇಲ್ಲಿ ಯಾರು ಭೂಮಿ ಮೇಲೆ ಅತಿ ಚೆನ್ನಾಗಿ ನುಡಿಸ್ತಾರೆ ಅಂತ ಯಾರೂ ನೋಡ್ತಿಲ್ಲ, ಲಿಸ್ಟಲ್ಲಿರೋ ಎಲ್ಲರೂ ಚೆನ್ನಾಗೇ ನುಡಿಸ್ತಾರೆ. ನೋಡೋದು ಬೇರೆ, ಇವನು ಟೈಮಿಗೆ ಬರ್ತಾನಾ, ಪಕ್ಕದೋನ ಸ್ವರಕ್ಕೆ ಸೇರ್ಕೊಂಡು ನುಡಿಸ್ತಾನಾ ಅಥವಾ ಆಡಿಷನ್ ಥರ ಮೆರೀತಾನಾ, ರೆಸ್ಟ್ ಬಾರ್ ಎಣಿಸ್ತಾನಾ ಅಥವಾ ಫೋನ್ ನೋಡ್ತಾನಾ, ಚಹಾ ಹೊತ್ತಲ್ಲಿ ಇನ್ನೊಂದು ಆರ್ಕೆಸ್ಟ್ರಾದೋರ ಬಗ್ಗೆ ಚಾಡಿ ಹೇಳ್ತಾನಾ. ಇನ್ನೂ ಮುಖ್ಯ, ಒಪ್ಕೊಂಡ ಮೇಲೆ ಇದಕ್ಕಿಂತ ಜಾಸ್ತಿ ದುಡ್ಡಿನ ಕೆಲಸ ಬಂದ್ರೆ ಕೈಕೊಡ್ತಾನಾ. 1904ರ ಜಗಳ ಇವತ್ತಿಗೂ ಮುಗಿದಿಲ್ಲ ನೋಡಿ. ಲಂಡನ್ನಿನ ನಾಟಕಮಂದಿರಗಳ ಬೀದಿ ವೆಸ್ಟ್ ಎಂಡ್‌ನ ಮ್ಯೂಸಿಕಲ್‌ಗಳಲ್ಲಿ (ಹಾಡಿನ ನಾಟಕ) ಮಾತ್ರ ಬದಲಿ ಕಳ್ಸೋದು ಒಪ್ಪಿತ ಪದ್ಧತಿ, ವಾರಕ್ಕೆ ಎಂಟು ಶೋ ಒಬ್ಬನೇ ವರ್ಷಾನುಗಟ್ಟಲೆ ಮಾಡೋಕಾಗಲ್ಲ, ಹಾಗಾಗಿ ನೀವು ಮೊದಲು ಪಿಟ್‌ನಲ್ಲಿ, ಅಂದ್ರೆ ವೇದಿಕೆ ಮುಂದಿನ ತಗ್ಗಲ್ಲಿ ವಾದ್ಯದೋರು ಕೂರೋ ಜಾಗದಲ್ಲಿ, ಪಕ್ಕದಲ್ಲಿ ಕೂತು ಶೋ ನೋಡಿ, ಪಾರ್ಟ್ (ನಿಮ್ಮ ವಾದ್ಯದ ಸ್ವರದ ಹಾಳೆ) ಮನೆಗೆ ತಗೊಂಡ್ಹೋಗಿ ತಯಾರಾಗಿ, ಒಂದು ರಿಹರ್ಸಲ್ಲೂ ಇಲ್ದೆ ನೇರ ಶೋಗೆ ಕೂರ್ತೀರ. ಎದೆ ಗಟ್ಟಿ ಬೇಕು ಅದಕ್ಕೆ.

ಈ ಲಿಸ್ಟ್ ಇರೋ ಆಫೀಸಲ್ಲೇ ನಿಮಗೆ ಕೆಲಸ ಸಿಗ್ತಿದೆ ಅಂದ್ರೆ ಬೇಡ ಅನ್ನೋಕೆ ಏನು ಕಾರಣ ಅಂತ ನನಗೆ ಗೊತ್ತಾಗ್ತಿಲ್ಲ. ಒಂದು ಸೀಸನ್ ಒಳಗೆ ನೀವು ಕಲಿಯೋದನ್ನ ಹೊರಗಿರೋ ಫ್ರೀಲ್ಯಾನ್ಸರ್ ಹತ್ತು ವರ್ಷಕ್ಕೆ ಕಲೀತಾನೆ. ಮೂರು ಗಂಟೆ ಸೆಷನ್ ಯಾಕೆ ಮೂರೇ ಗಂಟೆ, ಹತ್ತು ನಿಮಿಷ ದಾಟಿದ್ರೆ ಎಷ್ಟು ಜನಕ್ಕೆ ಓವರ್‌ಟೈಮ್ ಹೋಗತ್ತೆ, ಒಬ್ಬನೇ ಎರಡು ವಾದ್ಯ ನುಡಿಸಿದ್ರೆ ಡಬ್ಲಿಂಗ್ ದುಡ್ಡು, ಟ್ಯೂಬಾ ಹೊತ್ಕೊಂಡು ಬರೋಕೆ ಸಾಗಣೆ ಭತ್ಯೆ, ಇದೆಲ್ಲ ಯೂನಿಯನ್ ಒಪ್ಪಂದದಲ್ಲಿ ಇರತ್ತೆ, ಅದನ್ನ ಪ್ಲೇಯರ್‌ಗಳು ಓದಲ್ಲ, ಆಫೀಸಿನೋರು ಬಾಯಿಪಾಠ ಮಾಡಿರ್ತಾರೆ. ಜನಾಚೆಕ್‌ನ ಸಿಂಫೋನಿಯೆಟ್ಟಾ ಅನ್ನೋ ಕೃತಿ ಇಡ್ಬೇಕು ಅಂತ ಕಂಡಕ್ಟರ್ ಆಸೆ ಪಟ್ರೆ ಸುಮ್ನೆ ಆಗಲ್ಲ, ಅದಕ್ಕೆ ಟ್ರಂಪೆಟ್ಟೇ ಹನ್ನೆರಡು, ಜೊತೆಗೆ ಎರಡು ಬಾಸ್ ಟ್ರಂಪೆಟ್, ಎರಡು ಟೆನರ್ ಟ್ಯೂಬಾ, ನಾಲ್ಕು ಟ್ರಂಬೋನ್, ನಾಲ್ಕು ಹಾರ್ನ್, ಒಂದು ಟ್ಯೂಬಾ, ಒಟ್ಟು 25 ಬ್ರಾಸ್. ಆರ್ಕೆಸ್ಟ್ರಾದಲ್ಲಿ ಕಾಯಂ ಇರೋದು ಅದರ ಅರ್ಧ, ಮಿಕ್ಕಿದ್ದೆಲ್ಲ ಫ್ರೀಲ್ಯಾನ್ಸ್. ಅದೇ ಮೊಜಾರ್ಟ್ ಸಿಂಫನಿ ವಾರ ಆದ್ರೆ ನಿಮ್ಮ ಟ್ರಂಬೋನ್‌ಗೆ ಕೆಲಸಾನೇ ಇಲ್ಲ. ಮುಂದಿನ ಸೀಸನ್‌ನ ಕಾರ್ಯಕ್ರಮ ನೋಡಿದ ತಕ್ಷಣ ಯಾವ ವಾರ ಎಷ್ಟು ಜನ ಬ್ರಾಸ್‌ಗೆ ಊಟ ಇದೆ ಅಂತ ಹೇಳೋ ಶಕ್ತಿ ನಿಮಗೆ ಬರತ್ತೆ.

ಇನ್ನೊಂದು ಉದಾಹರಣೆ ಕೇಳಿ. 2012ರಲ್ಲಿ ಲಂಡನ್ನಿನ ರಾಯಲ್ ಒಪೇರಾ ಹೌಸ್‌ನಲ್ಲಿ ವಾಗ್ನರ್‌ನ ಒಪೇರಾ ರಿಹರ್ಸಲ್ ನಡೀವಾಗ ಇಕ್ಕಟ್ಟಾದ ಪಿಟ್‌ನಲ್ಲಿ ಬ್ರಾಸ್ ಸೆಕ್ಷನ್ನಿನ ಎದುರಿಗೇ ಕೂತಿದ್ದ ಒಬ್ಬ ವಯೋಲಾ (ಪಿಟೀಲಿನಂಥದ್ದೇ, ಸ್ವಲ್ಪ ದೊಡ್ಡದು) ಪ್ಲೇಯರ್ ಕಿವಿ ಹಾಳಾಯ್ತು, ಕೇಸ್ ಹೈಕೋರ್ಟಿಗೆ ಹೋಗಿ 2018ರಲ್ಲಿ ಅವರು ಗೆದ್ರು, 2019ರಲ್ಲಿ ಅಪೀಲಲ್ಲೂ ತೀರ್ಪು ಬಹುಮಟ್ಟಿಗೆ ನಿಂತಿತು. ಅಲ್ಲಿಂದ ಸೀಟಿಂಗ್ ಪ್ಲಾನ್ ಅಂದ್ರೆ ಬರೀ ಕುರ್ಚಿ ಹಾಕೋ ಕೆಲಸ ಆಗಿ ಉಳಿದಿಲ್ಲ, ಯಾರ ಹಿಂದೆ ಯಾರು ಎಷ್ಟು ದೂರ ಅನ್ನೋದು ಕಾನೂನಿನ ವಿಷಯ. ಟ್ರಂಬೋನಿನ ಅಗಲ ಬಾಯಿಯ ಹಿಂದೆ ಕೂತು ಗೊತ್ತಿರೋನು ಆ ಪ್ಲಾನ್ ಮಾಡಿದ್ರೆ ಬೇರೆ ಥರಾನೇ ಮಾಡ್ತಾನೆ. ಆಫೀಸಲ್ಲಿ ಪ್ಲೇಯರ್ ಇರ್ಬೇಕು ಅಂತ ನಾನು ಹೇಳೋದು ಇಂಥದ್ದಕ್ಕೇ.

ದುಡ್ಡು ಎತ್ತೋ ಕೆಲಸವನ್ನೂ ಕೀಳಾಗಿ ನೋಡ್ಬೇಡಿ. ಇದನ್ನ ಹೇಳೋಕೆ ನಿಮ್ಮೂರಿಂದಾನೇ ಉದಾಹರಣೆ ಇದೆ. ಜಯಚಾಮರಾಜೇಂದ್ರ ಒಡೆಯರ್ 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. 1950ರ ಮೇ 22ಕ್ಕೆ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೇ ನಾಲ್ಕು ಹಾಡುಗಳು ಮೊಟ್ಟಮೊದಲು ಕೇಳಿಸಿದ್ದು ಮಹಾರಾಜರು ಖರ್ಚಿಗೆ ಗ್ಯಾರಂಟಿ ಕೊಟ್ಟಿದ್ದಕ್ಕೆ, ಹಾಡಿದ್ದು ಕಿರ್ಸ್ಟನ್ ಫ್ಲ್ಯಾಗ್‌ಸ್ಟಾಡ್, ಕಂಡಕ್ಟರ್ ಆಗಿ ನಡೆಸಿದ್ದು ಫುರ್ಟ್‌ವೆಂಗ್ಲರ್. ಅದರಲ್ಲಿ 'ಸೆಪ್ಟೆಂಬರ್' ಅನ್ನೋ ಹಾಡು ಮುಗಿಯೋದು ಒಂದು ಹಾರ್ನ್ ಸೋಲೋದಿಂದ, ನಮ್ಮಂಥ ಹಾರ್ನ್‌ನೋರು ಅದಕ್ಕಾಗೇ ಕಾಯ್ತೀವಿ. ಆ ಸೋಲೋ ಹಿಂದೆ ಒಂದು ಗ್ಯಾರಂಟಿ ಪತ್ರ ಇತ್ತು, ಆ ಪತ್ರಕ್ಕೆ ಓಡಾಡಿದೋರು ಯಾರೋ ಇದ್ರು.

ಸರಿ, ಈಗ ಎಚ್ಚರಿಕೆ ಮಾತು. ಎರಡು ಕೆಲಸ ಒಟ್ಟಿಗೆ ಮಾಡೋರಲ್ಲಿ ಹೆಸರು ಕೆಡಿಸ್ಕೊಳ್ಳೋದು ಒಂದೇ ಒಂದು ಕಾರಣಕ್ಕೆ, ತಮಗೆ ತಾವೇ ಕೆಲಸ ಕೊಟ್ಕೊಳ್ಳೋದು. ನೀವು ಬುಕಿಂಗ್ ಮಾಡೋ ಆರ್ಕೆಸ್ಟ್ರಾದಲ್ಲಿ ಟ್ರಂಬೋನ್ ಬೇಕಾಯ್ತು, ನೀವೇ ಖಾಲಿ ಇದೀರ, ಕೂತ್ರಿ. ತಪ್ಪೇನಿಲ್ಲ ಅನ್ಸತ್ತೆ. ಲಿಸ್ಟಲ್ಲಿ ನಿಮಗಿಂತ ಮೇಲಿದ್ದೋನಿಗೆ ಅದು ಮಧ್ಯಾಹ್ನದೊಳಗೆ ಗೊತ್ತಾಗತ್ತೆ, ಅವನು ಜಗಳ ಆಡಲ್ಲ, ಆದ್ರೆ ಬ್ರಾಸ್ ಲೋಕ ಬಹಳ ಚಿಕ್ಕದು. ಹಾಗಾಗಿ ಕೆಲಸ ಸಿಕ್ಕಿದ ದಿನವೇ ನಿಮ್ಮ ಮೇಲಧಿಕಾರಿ ಹತ್ರ ಹೇಳಿಬಿಡಿ, ಟ್ರಂಬೋನ್ ಬುಕಿಂಗ್ ನಾನು ಮುಟ್ಟಲ್ಲ, ಇಲ್ಲಿ ನಾನು ನುಡಿಸ್ಬೇಕು ಅಂತ ಯಾವತ್ತಾದ್ರೂ ಆದ್ರೆ ಪ್ರಿನ್ಸಿಪಲ್ ಕೇಳ್ಬೇಕು, ಬೇರೆಯೋರು ಬುಕ್ ಮಾಡ್ಬೇಕು ಅಂತ. ಇದನ್ನ ಇಮೇಲಲ್ಲೇ ಹಾಕಿ. ಹಾಗೇ ಆಫೀಸಲ್ಲಿ ಕಂಡ ಬೇರೆ ಪ್ಲೇಯರ್‌ಗಳ ರೇಟು, ಖಾಯಿಲೆ, ಟ್ರಯಲ್ ಹೇಗಾಗ್ತಿದೆ ಅನ್ನೋದು ಯಾವುದೂ ಪಬ್‌ಗೆ ಹೋಗ್ಬಾರ್ದು. ನಾನು ನೋಡಿದ ಹಾಗೆ 'ಇವನು ನುಡಿಸೋದು ಬಿಟ್ಟ' ಅಂತ ಫೋನ್ ನಿಂತಿದ್ದು ಕಮ್ಮಿ, 'ಇವನ ಹತ್ರ ಮಾತು ನಿಲ್ಲಲ್ಲ' ಅಂತ ನಿಂತಿದ್ದು ಜಾಸ್ತಿ.

ಅಂದ ಹಾಗೆ ಫೋನ್ ನಿಲ್ಲೋಕೆ ಇನ್ನೊಂದು ನಿಜವಾದ ಕಾರಣ ಇದೆ, ಪದೇ ಪದೇ ಇಲ್ಲ ಅನ್ನೋದು. ಕರೆದಾಗೆಲ್ಲ ಆಫೀಸಿದೆ ಆಫೀಸಿದೆ ಅಂದ್ರೆ ನಿಮ್ಮನ್ನ ಲಿಸ್ಟಿಂದ ಯಾರೂ ತೆಗೆಯಲ್ಲ, ಕೆಳಗೆ ಜಾರ್ತಾ ಹೋಗ್ತೀರ. ಅದಕ್ಕೇ ಸಂದರ್ಶನದಲ್ಲೇ ಕೇಳಿ, ಮೂರು ದಿನ ಯಾವ ಮೂರು ದಿನ, ಅದಲು ಬದಲು ಮಾಡ್ಬಹುದಾ, ಟೂರ್ ಬಂದ್ರೆ ಸಂಬಳ ಇಲ್ಲದ ರಜೆ ಕೊಡ್ತಾರಾ ಅಂತ. ಪ್ಲೇಯರ್‌ಗಳನ್ನ ಕೆಲಸಕ್ಕೆ ಇಟ್ಕೊಂಡು ಅಭ್ಯಾಸ ಇರೋ ಆಫೀಸು ಈ ಪ್ರಶ್ನೆಗೆ ಬೇಜಾರು ಮಾಡ್ಕೊಳ್ಳಲ್ಲ. ಮುಖ ಸಿಂಡರಿಸಿದ್ರೆ ಅದು ನಿಮಗೆ ಸರಿಹೋಗೋ ಆಫೀಸಲ್ಲ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸ್ತೀನಿ. ಫ್ರೀಲ್ಯಾನ್ಸ್‌ಗೆ ಜ್ವರ ಬಂದ್ರೆ ಸಂಬಳ ಇಲ್ಲ, ರಜೆಗೆ ಸಂಬಳ ಇಲ್ಲ, ಪೆನ್ಷನ್‌ಗೆ ಯಾರೂ ಹಾಕಲ್ಲ, ಆಗಸ್ಟಲ್ಲಿ ಡೈರಿ ಖಾಲಿ. ಮೂರು ದಿನದ ಕೆಲಸ ಇದ್ರೆ ಅದರ ಪ್ರಮಾಣಕ್ಕೆ ತಕ್ಕ ಹಾಗೆ ಸಂಬಳದ ರಜೆ ಬರತ್ತೆ, ವರ್ಷಕ್ಕೆ 10,000 ಪೌಂಡ್ ದಾಟಿ 22 ವರ್ಷ ಆಗಿದ್ರೆ ಕಂಪನಿ ಪೆನ್ಷನ್‌ಗೂ ತಾನಾಗೇ ಸೇರಿಸ್ತಾರೆ. ಬಾಡಿಗೆ ಅದರಲ್ಲಿ ಕಟ್ಟಿ, ನುಡಿಸಿದ ದುಡ್ಡನ್ನ ಬೇರೆ ಖಾತೇಲಿಡಿ, ಯಾಕಂದ್ರೆ ಅದರ ಟ್ಯಾಕ್ಸ್ ನೀವೇ ಜನವರಿ 31ರೊಳಗೆ ಕಟ್ಬೇಕು. ಮೊದಲ ವರ್ಷ ಎಲ್ಲರೂ ಬೀಳೋ ಗುಂಡಿ ಒಂದಿದೆ, ಬಾಕಿ 1,000 ಪೌಂಡ್ ದಾಟಿದ್ರೆ ಸಾಮಾನ್ಯವಾಗಿ ಆ ವರ್ಷದ ಟ್ಯಾಕ್ಸ್ ಜೊತೆ ಮುಂದಿನ ವರ್ಷದ್ದಕ್ಕೆ ಅರ್ಧ ಮುಂಗಡಾನೂ ಅವತ್ತೇ ಕೇಳ್ತಾರೆ, ಇನ್ನರ್ಧ ಜುಲೈ 31ಕ್ಕೆ. ಮ್ಯೂಸಿಶಿಯನ್ಸ್ ಯೂನಿಯನ್ ಸೇರಿ, 1893ರಿಂದ ಇದೆ, ಒಪ್ಪಂದ ಓದಿ ಹೇಳ್ತಾರೆ, ದುಡ್ಡು ಕೊಡದೇ ಸತಾಯಿಸೋರ ಹಿಂದೆ ನಿಮ್ಮ ಪರವಾಗಿ ಬೀಳ್ತಾರೆ.

ವೀಸಾ ಮಾತ್ರ ತಮಾಷೆ ಅಲ್ಲ. ಸ್ಟೂಡೆಂಟ್ ವೀಸಾದಲ್ಲಿ ಸೆಲ್ಫ್ ಎಂಪ್ಲಾಯ್ಡ್ ಆಗೋ ಹಾಗೇ ಇಲ್ಲ, ಅಂದ್ರೆ ದುಡ್ಡು ತಗೊಂಡು ಫ್ರೀಲ್ಯಾನ್ಸ್ ನುಡಿಸೋ ಹಾಗಿಲ್ಲ, 'ಒಂದೇ ಒಂದು ಕಾನ್ಸರ್ಟ್, ಕ್ಯಾಶ್ ಕೊಡ್ತೀವಿ' ಅಂದ್ರೂ ಬೇಡ. ಕೋರ್ಸ್ ಮುಗಿದ ಮೇಲೆ ಗ್ರಾಜುಯೇಟ್ ವೀಸಾ ಸಿಕ್ಕಿದ್ರೆ ಎರಡನ್ನೂ ಮಾಡ್ಬಹುದು, ಆಫೀಸ್ ಕೆಲಸಾನೂ ಫ್ರೀಲ್ಯಾನ್ಸೂ. ಅದು ಎರಡು ವರ್ಷ, 2027ರ ಜನವರಿ 1ರಿಂದ ಅರ್ಜಿ ಹಾಕೋರಿಗೆ 18 ತಿಂಗಳು, ಹಾಗಾಗಿ ತಡ ಮಾಡ್ಬೇಡಿ. ಆಮೇಲಿನ ದಾರಿ ಕಷ್ಟ. ಸ್ಕಿಲ್ಡ್ ವರ್ಕರ್ ವೀಸಾಗೆ ಸ್ಪಾನ್ಸರ್ ಮಾಡೋ ಕಂಪನಿ ಬೇಕು, ಸರ್ಕಾರ ಕೇಳೋ ಕನಿಷ್ಠ ಸಂಬಳದ ಮಿತಿ ಹತ್ರಕ್ಕೂ ಪಾರ್ಟ್ ಟೈಂ ಅಸಿಸ್ಟೆಂಟ್ ಸಂಬಳ ಹೋಗಲ್ಲ, ಬರೀ ಫ್ರೀಲ್ಯಾನ್ಸರ್‌ಗಂತೂ ಸ್ಪಾನ್ಸರ್ ಅಂತ ಯಾರೂ ಇರಲ್ಲ. ಉಳಿಯೋದು ಗ್ಲೋಬಲ್ ಟ್ಯಾಲೆಂಟ್ ವೀಸಾ, ಅದಕ್ಕೆ ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್ ಒಪ್ಪಿಗೆ ಬೇಕು, ಕಂಪನಿ ಬೇಕಿಲ್ಲ. ಅದಕ್ಕೆ ದಾಖಲೆ ಕೇಳ್ತಾರೆ, ಶಿಫಾರಸು ಪತ್ರ ಕೇಳ್ತಾರೆ. ಇವತ್ತಿಂದಾನೇ ನಿಮ್ಮ ಹೆಸರಿರೋ ಪ್ರತಿಯೊಂದು ಪ್ರೋಗ್ರಾಂ ಪುಸ್ತಕ, ರಿವ್ಯೂ, ಬುಕಿಂಗ್ ಇಮೇಲ್ ಒಂದು ಫೋಲ್ಡರಲ್ಲಿ ಹಾಕ್ತಾ ಬನ್ನಿ. ನಿಯಮ ಬದಲಾಗ್ತಾನೇ ಇರತ್ತೆ, ಅರ್ಜಿ ಹಾಕೋ ಮುಂಚೆ ಸರ್ಕಾರದ ಸೈಟ್ ನೋಡಿ, ಕಾಲೇಜಿನ ವೀಸಾ ಸಲಹೆಗಾರರನ್ನ ಕೇಳಿ, ನನ್ನ ಮಾತೇ ಕೊನೇ ಮಾತು ಅಂತ ಹೋಗ್ಬೇಡಿ.

ಇನ್ನು ತುಟಿ. ಆಫೀಸ್ ಮುಗಿಸಿ ಸಂಜೆ ಏಳಕ್ಕೆ ಮನೆಗೆ ಬಂದು ಎರಡು ಗಂಟೆ ಒಟ್ಟಿಗೆ ಊದ್ತೀನಿ ಅನ್ನೋದು ಕೆಲವು ವಾರ ನಡೆಯತ್ತೆ, ಆಮೇಲೆ ಬಿದ್ದುಹೋಗತ್ತೆ, ತುಟೀನೂ ದಣಿಯತ್ತೆ. ಬೆಳಗ್ಗೆ ಆಫೀಸಿಗೆ ಹೋಗೋ ಮುಂಚೆ ಸ್ವಲ್ಪ, ಊಟದ ಹೊತ್ತಲ್ಲಿ ಸ್ವಲ್ಪ, ಸಂಜೆ ಸ್ವಲ್ಪ, ಹೀಗೆ ಒಡೆದು ಮಾಡೋದು ಬ್ರಾಸ್‌ಗೆ ಒಳ್ಳೇದೇ. ಆರ್ಕೆಸ್ಟ್ರಾ ಆಫೀಸಿನ ಸುಖ ಏನಂದ್ರೆ ಪಕ್ಕದಲ್ಲೇ ರಿಹರ್ಸಲ್ ರೂಮು ಇರತ್ತೆ, ಮಧ್ಯಾಹ್ನ ಟ್ರಂಬೋನ್ ಶಬ್ದ ಬಂದ್ರೆ ಯಾರೂ ಪೊಲೀಸ್ ಕರೆಯಲ್ಲ.

ಜೊತೆಗೆ ನಿಮ್ಮಪ್ಪನ ಯೂಫೋನಿಯಂ! ನೀವು ಅದನ್ನ ಪ್ರಶ್ನೆಯಲ್ಲಿ ಸುಮ್ನೆ ಹೇಳಿ ದಾಟಿಬಿಟ್ರಿ, ನನಗೆ ಕಂಡಿದ್ದೇ ಅದು. ಹೋಲ್ಸ್ಟ್‌ನ 'ಪ್ಲಾನೆಟ್ಸ್' ಇಡದ ಆರ್ಕೆಸ್ಟ್ರಾ ಇಂಗ್ಲೆಂಡಲ್ಲಿ ಇಲ್ಲ, ಅದರ ಟೆನರ್ ಟ್ಯೂಬಾ ಪಾರ್ಟನ್ನ ಸಾಮಾನ್ಯವಾಗಿ ಯೂಫೋನಿಯಂ ಮೇಲೇ ನುಡಿಸ್ತಾರೆ. ಸ್ಟ್ರಾವಿನ್‌ಸ್ಕಿ, ವಾಗ್ನರ್‌ನ ಬಾಸ್ ಟ್ರಂಪೆಟ್ ಪಾರ್ಟು ಬಹುಪಾಲು ಬೀಳೋದು ಟ್ರಂಬೋನ್‌ನೋರ ಕೈಗೇ. ಆಲ್ಟೋ ಟ್ರಂಬೋನ್ ಬಂದ್ರೆ ಇನ್ನೊಂದಷ್ಟು ಕೆಲಸ, ಟ್ರಂಬೋನಿನ ಹಳೇ ರೂಪ ಸ್ಯಾಕ್‌ಬಟ್ ಕಲಿತ್ರೆ ಪೀರಿಯಡ್ ತಂಡಗಳು, ಅಂದ್ರೆ ಹಳೇ ಸಂಗೀತವನ್ನ ಆ ಕಾಲದ ವಾದ್ಯಗಳಲ್ಲೇ ನುಡಿಸೋರು ಕರೀತಾರೆ. ಬರೀ ಟೆನರ್ ಟ್ರಂಬೋನ್ ಚೆನ್ನಾಗಿ ನುಡಿಸೋರು ನಿಮ್ಮ ಕ್ಲಾಸಲ್ಲೇ ಎಷ್ಟು ಜನ ಇಲ್ಲ, ಆದ್ರೆ ಅಪ್ಪನಿಂದ ಯೂಫೋನಿಯಂ ಕೂಡ ಕಲಿತು, ಬೆಳಗ್ಗೆ ಎಂಟಕ್ಕೆ ಫೋನೂ ಎತ್ತೋನು ಅಂದ್ರೆ ನಾನೇ ಮೊದಲು ಬರ್ಕೊಳ್ತೀನಿ. ಮ್ಯಾಂಚೆಸ್ಟರ್ ಬಿಡ್ಬೇಡಿ ಅಂತಲೂ ಹೇಳ್ತೀನಿ, ಎಲ್ಲರೂ ಲಂಡನ್ ಲಂಡನ್ ಅಂತಾರೆ, ನಿಮಗೆ ಹ್ಯಾಲೆ, ಬಿಬಿಸಿ ಫಿಲ್‌ಹಾರ್ಮೋನಿಕ್, ಲಿವರ್‌ಪೂಲ್, ಲೀಡ್ಸಿನ ಒಪೇರಾ ನಾರ್ತ್ ಎಲ್ಲ ರೈಲಲ್ಲಿ ಹೋಗಿಬರೋ ದೂರ, ಬಾಡಿಗೆ ಕಮ್ಮಿ. ಹಾಗೇ ಚಿನೆಕೆ ಆರ್ಕೆಸ್ಟ್ರಾಗೂ ಒಂದು ಇಮೇಲ್ ಹಾಕಿ, ಡಬಲ್ ಬಾಸ್ ಪ್ಲೇಯರ್ ಚಿ-ಚಿ ನ್ವಾನೋಕು 2015ರಲ್ಲಿ ಕಪ್ಪು ಮತ್ತು ಬೇರೆ ಬೇರೆ ಜನಾಂಗದ ಪ್ಲೇಯರ್‌ಗಳಿಗೆ ಅಂತ ಕಟ್ಟಿದ್ದು, ಅವರೂ ನುಡಿಸ್ತಾ ನುಡಿಸ್ತಾ ಸಂಸ್ಥೆ ನಡೆಸಿದೋರೇ.

ವಾಪಸ್ ಬರ್ಬೇಕಾಗಿ ಬಂದ್ರೆ? ಭಾರತದಲ್ಲಿ ವೃತ್ತಿಪರ ಸಿಂಫನಿ ಆರ್ಕೆಸ್ಟ್ರಾ ಅಂತ ಇರೋದು ಮುಂಬೈಯ ಕಲಾಕೇಂದ್ರ ಎನ್‌ಸಿಪಿಎಯಲ್ಲಿ 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಒಂದೇ, ಅದರಲ್ಲೂ ಸೀಸನ್‌ಗೆ ವಿದೇಶದಿಂದ ಬರೋ ಪ್ಲೇಯರ್‌ಗಳು ಬಹಳ. ಬರೀ ಟ್ರಂಬೋನ್ ನಂಬ್ಕೊಂಡು ಬಂದ್ರೆ ಕಷ್ಟ. ಆದ್ರೆ ಬ್ರಾಸ್ ಪಾರ್ಟ್ ನೋಡಿ ಬಜೆಟ್ ಹಾಕೋಕೆ, ಟೂರ್ ನಡೆಸೋಕೆ, ಸ್ಕೋರ್ (ಸ್ವರ ಬರೆದ ಪುಸ್ತಕ) ಬಾಡಿಗೆಗೆ ತರಿಸೋಕೆ ಗೊತ್ತಿರೋ ಮನುಷ್ಯ ನಮ್ಮಲ್ಲಿ ಎಷ್ಟು ಜನ ಇದಾರೆ? ನಿಮ್ಮಪ್ಪನಿಗೆ ಇದನ್ನ ಈ ಥರ ಹೇಳಿ ನೋಡಿ. ಪೊಲೀಸ್ ಬ್ಯಾಂಡಲ್ಲಿ ಇದ್ದೋರು ಅವರು, ದಸರಾ ದಿನ ಯಾರು ಎಲ್ಲಿ ನಿಲ್ಲಬೇಕು, ಯೂನಿಫಾರಂ ಯಾರ ಹತ್ರ ತಗೋಬೇಕು, ಭತ್ಯೆ ಬಿಲ್ ಯಾರು ಪಾಸ್ ಮಾಡ್ಬೇಕು ಅನ್ನೋದನ್ನೆಲ್ಲ ವಾದ್ಯ ಹಿಡಿದೋರೇ ನೋಡ್ಕೊಳ್ಳೋದನ್ನ ಅವರು ಕಂಡಿರ್ತಾರೆ. ಅರ್ಥ ಆಗತ್ತೆ ಅವರಿಗೆ.

ಅರ್ಜಿಯಲ್ಲಿ ಏನು ಬರೀಬೇಕು ಅಂತ ನೀವು ಕೇಳಿಲ್ಲ, ಹೇಳಿಬಿಡ್ತೀನಿ. ನುಡಿಸಿದ ಕೃತಿಗಳ ಪಟ್ಟಿ ಹಾಕ್ಬೇಡಿ, ಅದು ಆಡಿಷನ್‌ಗೆ. ಕಾಲೇಜ್ ಬ್ರಾಸ್ ತಂಡಕ್ಕೆ ರಿಹರ್ಸಲ್ ಟೈಮ್‌ಟೇಬಲ್ ಮಾಡಿದ್ರಾ, ಪಾರ್ಟ್ಸ್ ಪ್ರಿಂಟ್ ಮಾಡಿ ಹಂಚಿದ್ರಾ, ಕೊನೇ ಗಳಿಗೇಲಿ ಬಾರದೇ ಇದ್ದೋನ ಬದಲಿಗೆ ಇನ್ನೊಬ್ಬನ್ನ ಹುಡುಕಿ ತಂದ್ರಾ, ಅದನ್ನ ಬರೀರಿ, ಯಾವ ಕಾನ್ಸರ್ಟು, ಎಷ್ಟು ಜನ, ಏನು ತಾಪತ್ರಯ ಆಯ್ತು, ಹೇಗೆ ಬಗೆಹರಿಸಿದ್ರಿ ಅಂತ. ನೀವು ನುಡಿಸೋದನ್ನ ಮುಚ್ಚಿಡ್ಬೇಡಿ, ಸಂದರ್ಶನದಲ್ಲಿ ಕೇಳೇ ಕೇಳ್ತಾರೆ, ನಾಳೆ ಟ್ರಯಲ್ ಬಂದ್ರೆ ಏನ್ಮಾಡ್ತೀರ ಅಂತ. ಹೋಗ್ತೀನಿ, ಆದ್ರೆ ಇಷ್ಟು ವಾರ ಮುಂಚೆ ಹೇಳಿ, ಕೆಲಸ ಇಂಥೋರಿಗೆ ಒಪ್ಪಿಸಿ ಹೋಗ್ತೀನಿ ಅಂತ ನೇರವಾಗಿ ಹೇಳಿ. ಆ ಉತ್ತರ ಕೇಳಿ ಕೆಲಸ ಕೊಟ್ಟಿರೋ ಮ್ಯಾನೇಜರ್‌ಗಳು ನನಗೆ ಗೊತ್ತು.